ನರೇಂದ್ರದ ಕಲ್ಲು, ಗೋವೆಯ ಕಡಲು

ಧಾರವಾಡದಿಂದ ಬೆಳಗಾವಿಯ ದಾರಿ ಹಿಡಿದರೆ ಎಂಟೊಂಬತ್ತು ಕಿಲೋಮೀಟರಿನ ಆಚೆ ನರೇಂದ್ರವೆಂಬ ಊರು ಸಿಗುತ್ತದೆ. ಸುತ್ತಲೂ ಹೊಲಗದ್ದೆ, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ. ಇಲ್ಲಿ ಕಡಲೆ ಕಾಣುತ್ತದೆಯೇ ಹೊರತು ಕಡಲು ಕಾಣುವುದಿಲ್ಲ. ಹತ್ತಿರದ ಕಡಲೆಂದರೆ ಕಾರವಾರದ್ದು. ಅದಕ್ಕೂ ಘಟ್ಟ ಇಳಿದು ನೂರೈವತ್ತು ಕಿಲೋಮೀಟರಿಗೆ ಮಿಕ್ಕ ದಾರಿ ನಡೆಯಬೇಕು. ಇಂಥ ಊರಿನ ಶಾಸನವೊಂದರಲ್ಲಿ ಕನ್ನಡ ಅರಸನೊಬ್ಬನ ಸಮುದ್ರಯಾನದ ಕಥೆಯಿದೆ ಎಂದರೆ ನಂಬುವುದು ಕಷ್ಟ. ಧಾರವಾಡದಲ್ಲಿಯೇ ಹುಟ್ಟಿ ಬೆಳೆದವರನ್ನು ಕೇಳಿ ನೋಡಿದ್ದೇನೆ. ನರೇಂದ್ರವೆಂದರೆ ಅವರಿಗೆ ನೆನಪಾಗುವುದು ಹೆದ್ದಾರಿಯ ಬೈಪಾಸು, ಅಷ್ಟೇ.

ನರೇಂದ್ರದ ಹಳೆಯ ಹೆಸರು ಕುಂದೂರು. ಕುಂದೂರು ಐನೂರು ಎಂಬ ನಾಡಿಗೆ ಇದು ಮುಖ್ಯಪಟ್ಟಣವಾಗಿತ್ತು. ಇಲ್ಲಿಯ ಎರಡು ಶಾಸನಗಳನ್ನು ಲಯೊನೆಲ್ ಬಾರ್ನೆಟ್ ಎಂಬ ಆಂಗ್ಲ ವಿದ್ವಾಂಸನು ಎಪಿಗ್ರಾಫಿಯಾ ಇಂಡಿಕಾದ ೧೩ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದನು. ಮೊದಲನೆಯದು ಕ್ರಿ.ಶ. ೧೧೨೫ರ ಸುಮಾರಿನದು. ಆಗ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯ ಕೊನೆಗಾಲ. ಅವನ ಮಗಳು ಮೈಳಲದೇವಿಯನ್ನು ಮದುವೆಯಾಗಿದ್ದ ಗೋವೆಯ ಕದಂಬ ಇಮ್ಮಡಿ ಜಯಕೇಶಿಯು ಈ ಸೀಮೆಯನ್ನು ಆಳುತ್ತಿದ್ದನು. ಶಾಸನಕವಿ ತನ್ನ ಒಡೆಯನ ವಂಶವನ್ನು ಹೊಗಳುತ್ತ ಹೋಗಿ, ಮುತ್ತಜ್ಜನಾದ ಚಟ್ಟಯ್ಯನಲ್ಲಿಗೆ ಬಂದು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾನೆ. ಸಂಸ್ಕೃತದ ಶಾಸನಗಳಲ್ಲಿ ಷಷ್ಠದೇವನೆನಿಸಿಕೊಂಡವನೇ ಕನ್ನಡದಲ್ಲಿ ಚಟ್ಟ, ಚಟ್ಟಯ್ಯ, ಚಟ್ಟಲ ಎಂದೆಲ್ಲ ಆಗಿದ್ದಾನೆ. ಆರನೆಯದು ಎಂಬ ಸಂಸ್ಕೃತ ಮಾತು ನಮ್ಮ ಬಾಯಲ್ಲಿ ನುರಿದು ‘ಚಟ್ಟ’ ಆದ ಬಗೆಯನ್ನು ಭಾಷಾಶಾಸ್ತ್ರದ ತರಗತಿಯಲ್ಲಿ ಹೇಳಿಕೊಡುವುದುಂಟು. ಆ ಹೆಸರಿನವನು ಹಡಗು ನಡೆಯಿಸಿದನೆಂದು ಮಾತ್ರ ಯಾವ ತರಗತಿಯಲ್ಲಿಯೂ ಹೇಳುವುದಿಲ್ಲ.

ಶಾಸನ ಹೇಳುವುದಾದರೂ ಏನು? ಚಟ್ಟಯ್ಯನು ಕವಡಿದ್ವೀಪವನ್ನೂ ಇನ್ನೂ ಅನೇಕ ಸೀಮೆಗಳನ್ನೂ ಹಿಡಿದನಂತೆ. ಹಡಗುಗಳನ್ನು ಸಾಲಾಗಿ ನಿಲ್ಲಿಸಿ ಲಂಕೆಯವರೆಗೆ ಸೇತುವೆ ಕಟ್ಟಿದನಂತೆ. ಕಡಲಾಚೆಯ ಒರಟು ಜನರಿಂದ ಕಪ್ಪ ಕೊಂಡನಂತೆ. ಇನ್ನೊಂದು ಪ್ರಸಂಗ ಇದಕ್ಕಿಂತ ಸೊಗಸಾಗಿದೆ. ಚಟ್ಟಯ್ಯನು ಸಮುದ್ರಕ್ರೀಡೆಗೆಂದು ಹೊರಟ ಸುದ್ದಿ ಠಾಣೆಯ ಮುಮ್ಮುರಿರಾಜನಿಗೆ ಮುಟ್ಟಿತು. ಅವನು ತಾನೇ ಎದುರುಗೊಂಡು ಬಂದು, ಅರಮನೆಗೆ ಕರೆದೊಯ್ದು, ಬಹಳ ಪ್ರೀತಿ ತೋರಿ, ಮಗಳನ್ನು ಕೊಟ್ಟು ಮದುವೆ ಮಾಡಿ, ಅಳಿಯನಿಗೆ ಐದು ಲಕ್ಷ ಹೊನ್ನು ಕೊಟ್ಟನು. ಠಾಣೆಯೆಂದರೆ ಇಂದಿನ ಮುಂಬಯಿಯ ಮಗ್ಗುಲಿನ ಠಾಣೆಯೇ. ಮುಮ್ಮುರಿಯನ್ನು ಉತ್ತರ ಕೊಂಕಣದ ಶಿಲಾಹಾರ ಅರಸ ಮುಮ್ಮುಣಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವನ ಕಾಲದ ಕ್ರಿ.ಶ. ೧೦೬೦ರ ಶಾಸನ ಅಂಬರನಾಥದ ಶಿವಾಲಯದಲ್ಲಿದೆ. ಆದ್ದರಿಂದ ಈ ಬೀಗತನ ಕವಿಯ ಕಟ್ಟುಕಥೆಯಲ್ಲ. ಹಡಗಿನ ದಂಡು ಕಟ್ಟಿಕೊಂಡು ಬಂದವನನ್ನು ಅಳಿಯನನ್ನಾಗಿ ಮಾಡಿಕೊಳ್ಳುವುದೇ ಲೇಸೆಂದು ಠಾಣೆಯ ದೊರೆಗೆ ತೋರಿದ್ದರೆ ಅದು ಅವನ ಜಾಣತನ. ಪ್ರೀತಿಯ ಮಾತು ಶಾಸನಕವಿಯದು. ಐದು ಲಕ್ಷದ ಲೆಕ್ಕದಲ್ಲಿ ಭಯದ ಪಾಲೆಷ್ಟು, ಪ್ರೀತಿಯ ಪಾಲೆಷ್ಟು ಎಂಬುದನ್ನು ವಾಚಕರೇ ಊಹಿಸಬಹುದು.

ಲಂಕೆಯ ಸೇತುವೆಯ ಮಾತು ಬೇರೆ. ಅದು ಉತ್ಪ್ರೇಕ್ಷೆಯೆನ್ನಲು ಪಾಂಡಿತ್ಯ ಬೇಕಾಗಿಲ್ಲ. ರಾಮನು ಕಲ್ಲಿನಿಂದ ಕಟ್ಟಿದ್ದನ್ನು ನಮ್ಮ ದೊರೆ ಹಡಗಿನಿಂದ ಕಟ್ಟಿದನೆಂಬ ಚಮತ್ಕಾರ, ಅಷ್ಟೇ. ಇತಿಹಾಸಕಾರರು ಇಂಥಲ್ಲಿ ಎರಡು ಬಗೆಯಾಗಿ ತಪ್ಪುತ್ತಾರೆ. ಅಭಿಮಾನಿಗಳು ಅದನ್ನು ಅಕ್ಷರಶಃ ನಂಬಿ ಸಿಂಹಳದಲ್ಲಿ ಕನ್ನಡದ ಧ್ವಜ ನೆಡುತ್ತಾರೆ. ಸಂಶಯವಾದಿಗಳು ಇಡೀ ಪದ್ಯವನ್ನೇ ಕಸದ ಬುಟ್ಟಿಗೆ ಹಾಕುತ್ತಾರೆ. ನನಗೆ ತೋರುವುದು ಇಷ್ಟು: ಉತ್ಪ್ರೇಕ್ಷೆಗೂ ಒಂದು ಮೂಲದ್ರವ್ಯ ಬೇಕು. ಆನೆಯಿಲ್ಲದ ಅರಸನನ್ನು ಹೊಗಳುವ ಕವಿ ಅವನ ಆನೆಗಳ ಸಾಲನ್ನು ಬಣ್ಣಿಸಲಾರ. ಬಣ್ಣಿಸಿದರೆ ಕೇಳಿದವರು ನಕ್ಕಾರು. ಕುಂದೂರಿನ ಬಯಲುಸೀಮೆಯಲ್ಲಿ ನಿಂತು ಕವಿಯು ಹಡಗಿನ ಸಾಲನ್ನು ಹೊಗಳಿಕೆಗೆ ಆರಿಸಿಕೊಂಡನೆಂದರೆ, ಈ ವಂಶದ ಹೆಸರಿಗೆ ಹಡಗು ಅಂಟಿಕೊಂಡಿತ್ತೆಂದೂ ಅದನ್ನು ಕೇಳುವ ಜೋಳದ ನಾಡಿನವರಿಗೂ ಅದು ಗೊತ್ತಿತ್ತೆಂದೂ ತಿಳಿಯಬೇಕು.

ಕವಡಿದ್ವೀಪ ಯಾವುದು? ಕನ್ನಡಿಗನ ಕಿವಿಗೆ ಈ ಹೆಸರು ಬಿದ್ದೊಡನೆ ಕವಡೆ ನೆನಪಾಗುತ್ತದೆ. ಕವಡೆಯ ದ್ವೀಪಗಳೆಂದರೆ ಮಾಲದೀವು, ಲಕ್ಷದ್ವೀಪ. ಅಲ್ಲಿಯ ಕವಡೆಯೇ ಹಿಂದೂಮಹಾಸಾಗರದ ದಂಡೆಯುದ್ದಕ್ಕೂ ಚಿಲ್ಲರೆ ಹಣವಾಗಿ ನಡೆಯುತ್ತಿತ್ತು. ಚಟ್ಟಯ್ಯನು ಅಲ್ಲಿಗೆ ಹೋಗಿ ಬಂದನೆಂದರೆ ಎಷ್ಟು ರಮ್ಯವಾಗಿರುತ್ತಿತ್ತು! ಆದರೆ ಕವಡಿಯ ಸಂಸ್ಕೃತರೂಪ ಕಪರ್ದಿಕಾ; ಉತ್ತರ ಕೊಂಕಣದ ಶಿಲಾಹಾರರ ಮೂಲಪುರುಷನ ಹೆಸರು ಕಪರ್ದಿ. ಅವನ ವಂಶದ ನಾಡಿಗೆ ಕಪರ್ದಿಕಾದ್ವೀಪವೆಂದು ಹೆಸರಾಯಿತೆಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಕದಂಬರ ಶಾಸನಗಳಲ್ಲಿ ಕವಡಿದ್ವೀಪಕ್ಕೆ ಒಂದೂಕಾಲು ಲಕ್ಷವೆಂಬ ಸಂಖ್ಯೆ ಅಂಟಿದೆ. ಹಲಸಿಯ ನಾಡಿಗೆ ಹನ್ನೆರಡು ಸಾವಿರ, ಕೊಂಕಣಕ್ಕೆ ಒಂಬೈನೂರು. ಈ ಸಂಖ್ಯೆಗಳ ಅರ್ಥ ಹಳ್ಳಿಯೋ ಹುಟ್ಟುವಳಿಯೋ ಎಂಬ ವಾದ ಮುಗಿದಿಲ್ಲ. ಏನೇ ಆದರೂ ಒಂದೂಕಾಲು ಲಕ್ಷದ ನಾಡು ಹವಳದ ಪುಟ್ಟ ನಡುಗಡ್ಡೆಗಳಾಗಿರಲಾರದು. ಆದ್ದರಿಂದ ರಮ್ಯವಾದುದನ್ನು ಬಿಟ್ಟು ಸಂಭವನೀಯವಾದುದನ್ನು ಒಪ್ಪುವುದೇ ಮೇಲು. ಚಟ್ಟಯ್ಯನ ಮಗ ಮೊದಲನೆಯ ಜಯಕೇಶಿಯು ಕಪರ್ದಿಕಾದ್ವೀಪದ ಅರಸನನ್ನು ಕೊಂದನೆಂದೂ ಶಾಸನಗಳು ಹೇಳುತ್ತವೆ. ಬೀಗರ ನಾಡಿನೊಡನೆ ಪ್ರೀತಿ ಒಂದು ತಲೆಮಾರಿಗೇ ಮುಗಿಯಿತೆಂದಾಯಿತು.

ಗೋವೆಯ ಕದಂಬರು ಬನವಾಸಿಯ ಹಳೆಯ ಕದಂಬರ ಹೆಸರನ್ನೂ ಅಭಿಮಾನವನ್ನೂ ಹೊತ್ತು ಬಂದವರು. ಬನವಾಸಿಪುರವರಾಧೀಶ್ವರರೆಂದು ಹೇಳಿಕೊಳ್ಳುತ್ತಲೇ ಪಡುವಣ ಕಡಲಿನ ಒಡೆಯರೆಂದೂ ಹೇಳಿಕೊಂಡರು. ಹತ್ತನೆಯ ಶತಮಾನದ ಕೊನೆಯಿಂದ ಹದಿನಾಲ್ಕನೆಯದರವರೆಗೆ, ಘಟ್ಟದ ಮೇಲೊಂದು ಕಾಲು ಕೆಳಗೊಂದು ಕಾಲು ಇಟ್ಟು ಆಳಿದರು. ಮೇಲಿನ ಕಾಲು ಹಲಸಿಯಲ್ಲಿ. ಕಿತ್ತೂರಿನ ಬಳಿಯ ದೇಗಾವಿಯಲ್ಲಿ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವನ್ನು ಧಾರವಾಡದವರು ಒಂದು ಮಧ್ಯಾಹ್ನದಲ್ಲಿ ನೋಡಿ ಬರಬಹುದು. ಇವರನ್ನು ಕುರಿತು ಫ್ಲೀಟ್ ಬರೆದನು. ೧೯೩೧ರಲ್ಲಿ ಜಾರ್ಜ್ ಮೊರೇಸ್ ‘ಕದಂಬ ಕುಲ’ವೆಂಬ ಇಂಗ್ಲಿಷ್ ಗ್ರಂಥವನ್ನೇ ಬರೆದರು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಓದಿ ಬೆಳೆದ ನಮ್ಮ ಹಿರಿಯರಿಗೆ ಕದಂಬರು ಅಪರಿಚಿತರಲ್ಲ. ಆದರೂ ಗತವೈಭವವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಬಾದಾಮಿಯ ಬಂಡೆ, ಹಂಪೆಯ ರಥ, ನರ್ಮದೆಯ ದಡದಲ್ಲಿ ಪುಲಿಕೇಶಿಯ ಆನೆ. ಶಾಲೆಯ ಗೋಡೆಯ ನಕಾಶೆಯಲ್ಲಿ ಚಾಲುಕ್ಯರ ಬಣ್ಣ ಕಡಲಿನ ಅಂಚಿಗೆ ಬಂದು ನಿಲ್ಲುತ್ತದೆ. ಅದರಾಚೆ ಬರಿಯ ನೀಲಿ.

ಆ ನೀಲಿಯ ಅಂಚನ್ನು ಒಮ್ಮೆ ಶಾಸನದ ಕಣ್ಣಿನಿಂದ ನೋಡಬೇಕೆಂದು ಗೋವೆಗೆ ಹೋಗಿ ಬಂದೆ. ಹುಬ್ಬಳ್ಳಿಯವರಿಗೆ ಗೋವೆ ಹೊಸದಲ್ಲ. ರೈಲಿನಲ್ಲಿ ಕುಳಿತು ‘ವಾಸ್ಕೋ’ಕ್ಕೆ ಹೊರಟೆ ಎನ್ನುವಾಗ ನಾವು ಒಬ್ಬ ಪೋರ್ತುಗೀಸ ನಾವಿಕನ ಹೆಸರನ್ನು ಹೇಳುತ್ತಿದ್ದೇವೆಂಬ ಅರಿವು ಯಾರಿಗೂ ಇರುವುದಿಲ್ಲ. ನಾನು ರೈಲನ್ನು ಬಿಟ್ಟು ಅಳ್ನಾವರ, ರಾಮನಗರದ ಮೇಲೆ ಅನಮೋಡ ಘಟ್ಟ ಇಳಿದೆ. ಘಟ್ಟದ ಬುಡದಲ್ಲಿ ಕಾಡಿನ ನಡುವೆ ತಾಂಬ್ಡಿ ಸುರ್ಲದ ಮಹಾದೇವ ದೇವಾಲಯವಿದೆ. ಸುತ್ತಲೆಲ್ಲ ಕೆಂಪು ಮುರಕಲ್ಲಿನ ನೆಲ. ದೇವಾಲಯ ಮಾತ್ರ ಕಪ್ಪು ಕಲ್ಲಿನದು. ಆ ಕಲ್ಲನ್ನು ಘಟ್ಟದ ಮೇಲಿನಿಂದ ಇಳಿಸಿ ತಂದರೆಂದು ಹೇಳಿಕೆ. ತಿರುಗಣೆಯ ಕಂಬಗಳನ್ನು ನೋಡಿದರೆ ಲಕ್ಕುಂಡಿ, ಅಣ್ಣಿಗೇರಿಗಳನ್ನು ಬಲ್ಲವರಿಗೆ ಗುರುತು ಸಿಗದೆ ಹೋಗದು. ಘಟ್ಟವೆಂದರೆ ನಾವು ಈಗ ಗೋಡೆಯೆಂದು ಭಾವಿಸುತ್ತೇವೆ. ಕದಂಬರಿಗೆ ಅದು ಮೆಟ್ಟಿಲಾಗಿತ್ತು. ಮೇಲಿನ ಸರಕು ಇಳಿಯಬೇಕು, ಕಡಲಿನ ಸರಕು ಏರಬೇಕು. ಎರಡಕ್ಕೂ ಸುಂಕ ಒಬ್ಬನೇ ದೊರೆಗೆ. ಮಹದಾಯಿಯ ನೀರಿಗಾಗಿ ಎರಡು ರಾಜ್ಯಗಳು ನ್ಯಾಯಾಧಿಕರಣದ ಮೆಟ್ಟಿಲೇರಿದ್ದನ್ನು ಕಂಡ ನಮಗೆ, ಆ ನದಿಯ ಹುಟ್ಟೂ ಅಳಿವೆಯೂ ಒಂದೇ ಮನೆತನದ ಕೈಯಲ್ಲಿದ್ದ ಕಾಲ ಊಹೆಗೂ ನಿಲುಕುವುದಿಲ್ಲ.

ಚಟ್ಟಯ್ಯನ ರಾಜಧಾನಿ ಚಂದ್ರಪುರ, ಇಂದಿನ ಚಾಂದೋರ. ಕುಶಾವತಿಯ ದಡದ ಈ ಊರಿನಲ್ಲಿ ೧೯೨೯ರಲ್ಲಿ ಫಾದರ್ ಹೆರಾಸ್ ಅಗೆದು ದೇವಾಲಯದ ತಳಹದಿಯನ್ನು ಕಂಡರು. ತಲೆಯಿಲ್ಲದ ನಂದಿಯೊಂದು ಇನ್ನೂ ಅಲ್ಲಿ ಕುಳಿತಿದೆ. ನೋಡುವುದಕ್ಕೆ ಹೆಚ್ಚಿಲ್ಲ, ಹೊಳೆ ಸಣ್ಣದು, ಕಡಲು ದೂರ. ಇಲ್ಲಿಂದ ದೊಡ್ಡ ಹಡಗಿನ ವ್ಯಾಪಾರ ನಡೆಯದೆಂದು ತಿಳಿದೇ ಜಯಕೇಶಿಯು ಹನ್ನೊಂದನೆಯ ಶತಮಾನದ ನಡುವಿನಲ್ಲಿ ರಾಜಧಾನಿಯನ್ನು ಜುವಾರಿ ನದಿಯ ಬಡಗಣ ದಡಕ್ಕೆ, ಗೋಪಕಪಟ್ಟಣಕ್ಕೆ ಒಯ್ದನು. ಅದೇ ಇಂದಿನ ‘ಗೋವಾ ವೆಲ್ಹಾ’. ಪ್ರವಾಸಿಗಳು ಸಂದಣಿಗೊಳ್ಳುವ ‘ವೆಲ್ಹಾ ಗೋವಾ’ ಬೇರೆ. ಎರಡರ ಅರ್ಥವೂ ಹಳೆಯ ಗೋವೆಯೇ; ಪದ ಹಿಂದುಮುಂದಾದರೆ ಊರೇ ಬೇರೆಯಾಗುತ್ತದೆ, ಐನೂರು ವರ್ಷವೂ ಹಿಂದುಮುಂದಾಗುತ್ತದೆ. ವ್ಯಾಕರಣ ಕಲಿಸುವವನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಗೋವಾ ವೆಲ್ಹಾದ ಮೇಲ್ಗಡೆ ಪಿಲಾರ ಗುಡ್ಡ. ಅಲ್ಲಿಯ ಕ್ರೈಸ್ತ ಗುರುಮಠದವರು ಸುತ್ತಲಿನ ಕದಂಬರ ಅವಶೇಷಗಳನ್ನು ಆಯ್ದು ತಂದು ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಅರಸರ ಸಿಂಹಲಾಂಛನವನ್ನು ಪಾದ್ರಿಗಳು ಕಾಯ್ದರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಗುಡ್ಡವಿಳಿದು ಆಗಶಿಯ ಕಡೆ ನದಿಯ ದಂಡೆಗೆ ಬಂದರೆ, ಇಳಿತದ ಹೊತ್ತಿನಲ್ಲಿ ಕೆಸರಿನೊಳಗಿಂದ ಮುರಕಲ್ಲಿನ ಸಾಲು ತಲೆಯೆತ್ತುತ್ತದೆ. ಅದು ಹಳೆಯ ಬಂದರಿನ ಕಟ್ಟೆಯೆಂದು ಕಡಲಿನ ಪುರಾತತ್ತ್ವ ಶೋಧಿಸುವವರು ಹೇಳಿದ್ದಾರೆ. ನಾನು ಅದರ ಪಕ್ಕದಲ್ಲಿ ನಡೆಯುತ್ತಿದ್ದಾಗ ಮರಳು ಹೊರುತ್ತಿದ್ದ ಒಬ್ಬ ನನ್ನ ಮಾತಿನ ಧಾಟಿ ಕೇಳಿ ಹತ್ತಿರ ಬಂದ. ರೋಣದ ಕಡೆಯವನು.

“ಏನ್ ಹುಡಕಾಕ ಹತ್ತೀರಿ ಸರ?”

“ಹಳೇ ಬಂದರಾ ನೋಡಾಕ ಬಂದೇನಪಾ.”

“ಬಂದರಾ ಇಲ್ಲೆಲ್ಲೈತ್ರಿ? ಅದು ವಾಸ್ಕೋದಾಗ ಐತಿ.”

ಸಾವಿರ ವರ್ಷದ ಹಿಂದೆ ಇದೇ ಬಂದರವಾಗಿತ್ತು, ನಮ್ಮ ಧಾರವಾಡದ ಸೀಮೆಯನ್ನು ಆಳಿದ ಅರಸರೇ ಇಲ್ಲಿದ್ದರು ಎಂದೆ. ಅವನು ತಲೆಯ ಮೇಲಿನ ಸಿಂಬೆ ಸರಿಮಾಡಿಕೊಳ್ಳುತ್ತ, “ಹಂಗಾರ ನಮ್ಮ ಮಂದಿ ಆವಾಗಿಂದನ ದುಡ್ಯಾಕ ಗೋವಾಕ್ಕ ಬರತಾರ ಅನ್ರಿ” ಎಂದು ನಕ್ಕ.

ಈ ದಂಡೆಗೆ ಸಂಬಂಧಪಟ್ಟ ಒಂದು ತಾಮ್ರಪಟದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅದು ಮೊದಲನೆಯ ಜಯಕೇಶಿಯ ಕಾಲದ್ದು. ಅವನ ಪೂರ್ವಜ ಗುಹಲ್ಲದೇವನು ಸೋಮನಾಥನ ಯಾತ್ರೆಗೆಂದು ಹಡಗು ಏರಿ ಹೊರಟಾಗ ನಡುದಾರಿಯಲ್ಲಿ ಹಾಯಿಯ ಕಂಬ ಮುರಿಯಿತು. ದಿಕ್ಕುಗೆಟ್ಟ ಅರಸನಿಗೆ ಆಸರೆ ಕೊಟ್ಟವನು ಗೋವೆಯಲ್ಲಿದ್ದ ಮಾಡುಮೋದನೆಂಬ ಶ್ರೀಮಂತ ಅರಬ ವರ್ತಕ. ಹೆಸರಿನ ಹಿಂದೆ ಇರುವುದು ಮುಹಮ್ಮದನೆಂಬುದೇ. ಆ ಉಪಕಾರವನ್ನು ಕದಂಬರು ಮರೆಯಲಿಲ್ಲ. ಅವನ ಮೊಮ್ಮಗನು ಜಯಕೇಶಿಯ ಆಳ್ವಿಕೆಯಲ್ಲಿ ದೊಡ್ಡ ಅಧಿಕಾರಿಯಾದನು; ಅವನು ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳ ಸುಂಕವನ್ನು ದೊರೆ ಬಿಟ್ಟುಕೊಟ್ಟನು. ಹಡಗುಗಳು ಎಲ್ಲೆಲ್ಲಿಂದ ಬರುತ್ತಿದ್ದವೆಂಬ ಪಟ್ಟಿಯೂ ಅದರಲ್ಲಿದೆ: ಗುರ್ಜರ, ಸೌರಾಷ್ಟ್ರ, ಲಾಟ, ಕೇರಳ, ಸಿಂಹಳ, ಹೀಗೆ. ಮಸೀದಿಗೆ ಅಲ್ಲಿ ‘ಮಿಜಿಗಿತಿ’ ಎಂದಿದೆ. ಅರಬಿಯ ಮಾತು ನಮ್ಮ ನಾಲಗೆಯ ಮೇಲೆ ಹೊರಳಿ ಹೊರಬಂದ ಬಗೆ ಎಷ್ಟು ಮುದ್ದಾಗಿದೆ! ಇಂಥದು ಹೊಸ ಪದ್ಧತಿಯೂ ಅಲ್ಲ. ಮಾನ್ಯಖೇಟದ ರಾಷ್ಟ್ರಕೂಟರು ಸಂಜಾನದ ಬಂದರಿನ ಆಡಳಿತವನ್ನು ಮಧುಮತಿಯೆಂಬ ಅರಬನಿಗೆ ಒಪ್ಪಿಸಿದ್ದರೆಂದು ಚಿಂಚಣಿಯ ೯೨೬ರ ತಾಮ್ರಶಾಸನ ಹೇಳುತ್ತದೆ. ಮಧುಮತಿಯೂ ಮುಹಮ್ಮದನೇ. ಕನ್ನಡ ಅರಸರು ಕಡಲಿನ ವಿದ್ಯೆ ಬಲ್ಲವರನ್ನು ಅವರ ದೇವರು ಯಾರೆಂದು ಕೇಳದೆ ಬರಮಾಡಿಕೊಂಡರು.

ಜಯಕೇಶಿಯ ಮಗಳು ಮಯಣಲ್ಲದೇವಿ ಗುಜರಾತಿನ ಚೌಲುಕ್ಯ ಕರ್ಣನ ರಾಣಿಯಾಗಿ, ಸಿದ್ಧರಾಜ ಜಯಸಿಂಹನ ತಾಯಿಯಾದಳು. ಗುಜರಾತಿನವರು ಇಂದಿಗೂ ಮೀನಳದೇವಿಯೆಂದು ಅವಳನ್ನು ಸ್ಮರಿಸುತ್ತಾರೆ. ಧೋಳಕದ ಮಲಾವ ಕೆರೆಯನ್ನು ಅವಳು ತೋಡಿಸುವಾಗ ಒಬ್ಬ ಬಡ ಹೆಣ್ಣು ತನ್ನ ಮನೆ ಬಿಟ್ಟುಕೊಡಲು ಒಪ್ಪಲಿಲ್ಲವೆಂದೂ ರಾಣಿ ಬಲಾತ್ಕರಿಸದೆ ಕೆರೆಯ ದಂಡೆಯನ್ನೇ ಸೊಟ್ಟಗೆ ಬಿಟ್ಟಳೆಂದೂ ಅಲ್ಲಿ ಐತಿಹ್ಯವಿದೆ. ಮೇರುತುಂಗನ ಪ್ರಬಂಧಚಿಂತಾಮಣಿಯಲ್ಲಿ ಜಯಕೇಶಿಯ ಸಾವಿನ ಕಥೆಯೂ ಬರುತ್ತದೆ. ಸಾಕಿದ ಗಿಳಿಯನ್ನು ಊಟಕ್ಕೆ ಕರೆದು, ಬೆಕ್ಕಿನ ಬಾಯಿಗೆ ಅದು ಸಿಕ್ಕಾಗ, ಕೊಟ್ಟ ಮಾತಿಗಾಗಿ ದೊರೆ ಚಿತೆಯೇರಿದನಂತೆ. ಇದನ್ನು ಇತಿಹಾಸವೆಂದು ನಾನು ಹೇಳುವುದಿಲ್ಲ. ಆದರೆ ಗೋವೆಯ ಕನ್ನಡ ದೊರೆಯನ್ನು ಕುರಿತು ಗುಜರಾತಿನ ಜೈನ ಕವಿ ಇನ್ನೂರೈವತ್ತು ವರ್ಷಗಳ ಮೇಲೆ ಕಥೆ ಹೇಳುತ್ತಿದ್ದನಲ್ಲ, ಆ ನೆನಪು ಹೋದದ್ದು ಕಡಲ ದಾರಿಯಲ್ಲಿ.

ಗೋಪಕಪಟ್ಟಣದ ಕೊನೆಯನ್ನು ಬೇಗನೆ ಹೇಳಿಬಿಡುತ್ತೇನೆ. ಹದಿನಾಲ್ಕನೆಯ ಶತಮಾನದಲ್ಲಿ ದಿಲ್ಲಿಯ ದಂಡುಗಳು ಬಂದವು. ೧೩೪೨ರ ಸುಮಾರಿಗೆ ಹೊನ್ನಾವರದ ಜಮಾಲುದ್ದೀನನು ೫೨ ಹಡಗುಗಳೊಡನೆ ಗೋವೆಯ ಮೇಲೆ ಏರಿ ಹೋದನು. ಆ ಹಡಗಿನಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತನೂ ಇದ್ದನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆಂದೇ ೧೩ ಶಾಲೆಗಳನ್ನು ಕಂಡೆನೆಂದು ಬರೆದವನೂ ಅವನೇ. ಆಮೇಲೆ ವಿಜಯನಗರ, ಬಹಮನಿ, ಬಿಜಾಪುರ. ಈ ನಡುವೆ ಜುವಾರಿಯ ದಂಡೆ ಹೂಳಿನಿಂದ ತುಂಬಿತು. ಹಡಗುಗಳು ಮಾಂಡವಿಯ ದಡದ ಹೊಸ ಪೇಟೆಗೆ ತಿರುಗಿದವು. ೧೫೧೦ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಅಲ್ಬುಕರ್ಕನು ಹಿಡಿದದ್ದು ಈ ಹೊಸ ಪೇಟೆಯನ್ನೇ.

ಆ ಪೇಟೆಯೇ ಪ್ರವಾಸಿಗಳ ‘ವೆಲ್ಹಾ ಗೋವಾ’. ಮಾಂಡವಿಯ ದೋಣಿಗಟ್ಟೆಯಿಂದ ಊರೊಳಗೆ ಹೋಗುವ ಕಮಾನಿನ ಮೇಲೆ ವಾಸ್ಕೋ ಡ ಗಾಮನು ನದಿಯನ್ನು ನೋಡುತ್ತ ನಿಂತಿದ್ದಾನೆ; ಅವನ ಮರಿಮಗ ವೈಸರಾಯಿಯಾಗಿ ಬಂದಾಗ ಕಟ್ಟಿಸಿದ ಕಮಾನು ಅದು. ಹತ್ತಿರದಲ್ಲಿ ಬಿಜಾಪುರದ ಆದಿಲಶಾಹನ ಅರಮನೆಯ ಬಾಗಿಲುವಾಡವೊಂದೇ ಉಳಿದಿದೆ. ಸಂತ ಫ್ರಾನ್ಸಿಸನ ಮಠದಲ್ಲಿರುವ ವಸ್ತುಸಂಗ್ರಹಾಲಯವನ್ನು ಹೊಕ್ಕರೆ ಆಳೆತ್ತರ ಮೀರಿದ ಕಂಚಿನ ಅಲ್ಬುಕರ್ಕ, ಕಂಚಿನ ಕಮೊಯಿಂಶ್. ಮೇಲಂತಸ್ತಿನಲ್ಲಿ ಸಾಲುಸಾಲಾಗಿ ವೈಸರಾಯಿಗಳ ತೈಲಚಿತ್ರಗಳು. ಇವುಗಳ ನಡುವೆ ಕಲ್ಲುಗಳ ಗುಂಪಿನಲ್ಲಿ ಕದಂಬರ ಕಾಲದ ಒಂದು ವೀರಗಲ್ಲು ಇದೆ. ಅದರಲ್ಲಿ ಹಡಗು, ಹಡಗಿನ ಮೇಲೆ ಆಯುಧ ಹಿಡಿದ ಯೋಧರು. ವೀರಗಲ್ಲುಗಳನ್ನು ನಮ್ಮ ಹಳ್ಳಿಗಳಲ್ಲಿ ಎಷ್ಟೋ ನೋಡಿದ್ದೇನೆ. ದನ ಕಾಯ್ದು ಸತ್ತವರು, ಊರಳಿವಿನಲ್ಲಿ ಸತ್ತವರು, ಹುಲಿಯೊಡನೆ ಕಾದು ಸತ್ತವರು. ನೀರಿನ ಮೇಲೆ ಸತ್ತವನ ಕಲ್ಲನ್ನು ನಾನು ಕಂಡದ್ದು ಅದೇ ಮೊದಲು. ಆ ದಿನ ಅಲ್ಲಿಗೆ ಬಂದಿದ್ದ ಯುರೋಪಿನ ಯಾತ್ರಿಕರ ಗುಂಪು ಕಮೊಯಿಂಶನ ಮುಂದೆ ಬಹಳ ಹೊತ್ತು ನಿಂತಿತು. ನಿಲ್ಲುವುದು ಸಹಜ, ೧೫೭೨ರಲ್ಲಿ ಅಚ್ಚಾದ ಅವನ ಮಹಾಕಾವ್ಯವೇ ವಾಸ್ಕೋನ ಯಾನವನ್ನು ಕು೰ರಿತದ್ದು, ಕವಿ ಗೋವೆಯಲ್ಲಿ ಬಾಳಿದವನು.

ಅಲ್ಲಿ ನಿಂತಾಗ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಪ್ರಶ್ನೆ ಕಾಡದಿರಲಿಲ್ಲ. ಚಟ್ಟಯ್ಯನು ಕಡಲಾಡಿದ್ದು ಪಂಪ, ರನ್ನರ ತಲೆಮಾರು ಕಳೆದ ಹೊಸತರಲ್ಲಿ. ಕನ್ನಡ ಕಾವ್ಯ ಹರೆಯದಲ್ಲಿದ್ದ ಕಾಲ. ಆದರೂ ಹಡಗಿನ ಕಾವ್ಯವೊಂದು ಏಕೆ ಹುಟ್ಟಲಿಲ್ಲ? ನಮ್ಮ ಕವಿಗಳಿಗೆ ಸಮುದ್ರ ಅಪರಿಚಿತವಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದು. ಆದರೆ ಅವರ ಸಮುದ್ರದಲ್ಲಿ ಮುತ್ತು, ಹವಳ, ವಡಬಾಗ್ನಿ, ಮೈನಾಕ ಎಲ್ಲ ಇರುತ್ತವೆ. ಉಪ್ಪು ಮಾತ್ರ ಕಡಿಮೆ. ಆಸ್ಥಾನಗಳು ಒಳನಾಡಿನಲ್ಲಿದ್ದವು. ಗೋವೆಯ ಕದಂಬರು ಕಲ್ಯಾಣದ ಸಾಮಂತರು. ಸಾಮಂತನ ಸಾಹಸಕ್ಕೆ ಚಕ್ರವರ್ತಿಯ ಕವಿ ಕಾವ್ಯ ಬರೆಯಲಾರ. ವಾಸ್ಕೋನಿಗೆ ಹತ್ತು ಸರ್ಗದ ಮಹಾಕಾವ್ಯ ಸಿಕ್ಕಿತು. ಚಟ್ಟಯ್ಯನಿಗೆ ನರೇಂದ್ರದ ಕಲ್ಲಿನ ಮೇಲೆ ಕೆಲವು ಪದ್ಯ ಸಿಕ್ಕಿದವು. ಹೆಸರುಗಳ ಮಟ್ಟಿಗೆ ಇತ್ತೀಚೆಗೆ ನ್ಯಾಯ ಸಿಕ್ಕಿದೆಯೆನ್ನಬೇಕು: ಗೋವೆಯ ಸರಕಾರಿ ಬಸ್ಸುಗಳು ೧೯೮೦ರಿಂದ ಕದಂಬದ ಹೆಸರಿನಲ್ಲಿ ಓಡುತ್ತವೆ, ಕಾರವಾರದ ನೌಕಾನೆಲೆಗೆ ೨೦೦೫ರಲ್ಲಿ ಐ.ಎನ್.ಎಸ್. ಕದಂಬವೆಂದೇ ಹೆಸರಿಟ್ಟರು.

ಇಷ್ಟು ಹೇಳಿದಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ನಮ್ಮ ನಾವಿಕರು’ ಎಂದು ಎದೆಯುಬ್ಬಿಸುವ ಮುನ್ನ ಆ ಹಡಗುಗಳನ್ನು ನಡೆಯಿಸಿದವರು ಯಾರೆಂದು ಕೇಳಿಕೊಳ್ಳಬೇಕು. ಶಾಸನ ಕನ್ನಡದ್ದು, ಬಿರುದು ಬನವಾಸಿಯದು. ಹಾಯಿ ಕಟ್ಟಿದವರು, ಚುಕ್ಕಾಣಿ ಹಿಡಿದವರು ಕರಾವಳಿಯ ಮೀನುಗಾರ ಕುಲಗಳವರಿರಬಹುದು, ಮಾಡುಮೋದನಂಥ ಅರಬರಿರಬಹುದು. ಅವರು ಮನೆಯಲ್ಲಿ ಯಾವ ಮಾತು ಆಡುತ್ತಿದ್ದರೋ ಕಲ್ಲು ಹೇಳುವುದಿಲ್ಲ. ಕಂಬ ಮುರಿದಾಗ ಅರಸನನ್ನು ಬದುಕಿಸಿದವನು ಅರಬನೆಂದು ಕದಂಬರೇ ತಾಮ್ರದಲ್ಲಿ ಕೆತ್ತಿಸಿದ್ದಾರೆ. ಅಷ್ಟು ದೊಡ್ಡ ಮನಸ್ಸು ಅವರಿಗಿದ್ದಾಗ ಎಲ್ಲ ಕೀರ್ತಿಯನ್ನೂ ನಾವೇ ಬಾಚಿಕೊಳ್ಳುವುದು ಸಲ್ಲದು. ನಮ್ಮದೆಂದು ಸಂಶಯವಿಲ್ಲದೆ ಹೇಳಬಹುದಾದದ್ದು ಒಂದಿದೆ: ಘಟ್ಟದ ಮೇಲಿನ ಜನ ಆ ಕಡಲನ್ನು ತಮ್ಮ ಬಾಳಿನ ಒಂದು ಭಾಗವೆಂದು ಎಣಿಸಿದ್ದರು, ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು.

ಪ್ರಾಣ ಕೊಟ್ಟವನೊಬ್ಬನ ಹೆಸರು ೨೦೨೩ರಲ್ಲಿ ಬೆಳಕಿಗೆ ಬಂತು. ದಕ್ಷಿಣ ಗೋವೆಯ ಕಾಕೋಡದ ಮಹಾದೇವ ದೇವಾಲಯದಲ್ಲಿ ಕನ್ನಡ ಮತ್ತು ಸಂಸ್ಕೃತದ ಹಳೆಯ ಶಾಸನವೊಂದು ಸಿಕ್ಕಿತು. ಅದನ್ನು ಓದಿದ ಪ್ರಾಧ್ಯಾಪಕ ಟಿ. ಮುರುಗೇಶಿಯವರು ಹತ್ತನೆಯ ಶತಮಾನದ್ದೆಂದು ನಿರ್ಣಯಿಸಿದ್ದಾರೆ. ತಳಾರ ನೇವಯ್ಯನೆಂಬವನು ಆ ಮಂಡಲದ ಆಡಳಿತ ನೋಡುತ್ತಿದ್ದಾಗ, ಗೋವೆಯ ಬಂದರೊಂದನ್ನು ಗೆಲ್ಲಬೇಕೆಂಬ ತಂದೆಯ ಆಸೆಯನ್ನು ಈಡೇರಿಸುವೆನೆಂದು ಅವನ ಮಗ ಗುಂಡಯ್ಯನು ಪ್ರತಿಜ್ಞೆ ಮಾಡಿ, ಕಾದಿ ಮಡಿದನು. ಮಗನಿಗಾಗಿ ತಂದೆಯೇ ನಿಲ್ಲಿಸಿದ ಕಲ್ಲು ಅದಾಗಿರಬೇಕೆಂದು ಓದಿದವರ ಊಹೆ. ಕಾಕೋಡದಲ್ಲಿ ಅದರ ಮುಂದೆ ನಿಂತಾಗ ಲಂಕೆಯ ಸೇತುವೆ, ಐದು ಲಕ್ಷ ಹೊನ್ನು ಎಲ್ಲ ಮರೆತುಹೋದವು. ತಂದೆಗೆ ಒಂದು ಬಂದರ ಬೇಕಾಗಿತ್ತು. ಅದಕ್ಕೆ ಮಗ ಹೋದ.

ಶಾಸನದ ‘ತಳಾರ’ನೇ ನಮ್ಮ ಹಳ್ಳಿಗಳ ತಳವಾರ, ಊರು ಕಾಯುವವನು. ಧಾರವಾಡದ ಸೀಮೆಯಲ್ಲಿ ಆ ಅಡ್ಡಹೆಸರಿಲ್ಲದ ಊರು ವಿರಳ. ಈ ವರ್ಷ ನನ್ನ ತರಗತಿಯ ಹಾಜರಿ ಪಟ್ಟಿಯಲ್ಲಿಯೇ ಮೂವರು ತಳವಾರರಿದ್ದಾರೆ. ಮೂವರೂ ಕಡಲು ಕಂಡಿಲ್ಲ. ದೀಪಾವಳಿಯ ರಜೆಯಲ್ಲಿ ಅವರನ್ನೂ ಇನ್ನು ಹತ್ತೆಂಟು ಹುಡುಗ ಹುಡುಗಿಯರನ್ನೂ ಮೊದಲು ನರೇಂದ್ರಕ್ಕೆ, ಆಮೇಲೆ ಅನಮೋಡ ಇಳಿದು ಕಾಕೋಡಕ್ಕೆ, ಆಗಶಿಯ ದಂಡೆಗೆ ಕರೆದೊಯ್ಯುವುದೆಂದು ಗೊತ್ತುಮಾಡಿದ್ದೇನೆ. ಇಳಿತದ ಹೊತ್ತನ್ನು ಮಾತ್ರ ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಭರತ ಬಂದರೆ ಕಟ್ಟೆಯ ಕಲ್ಲುಗಳು ನೀರಿನಡಿಯಲ್ಲಿರುತ್ತವೆ.